ನಾಳದೊಳಗಿನ ಸುಣ್ಣ: ಒಂದು ಎಕ್ಸ್‌ರೇ, ಒಬ್ಬ ಸುಬ್ಬರಾವ್, ಎರಡು ತಪ್ಪು ಗುಳಿಗೆ

ವಿಡಿಯೋದಲ್ಲಿ ನಲವತ್ತು ನಿಮಿಷ ಮಾತಾಡಿದ್ದನ್ನೇ ಇಲ್ಲಿ ಬರೆದು ಹಾಕ್ತಿದ್ದೀನಿ. ಆಫೀಸ್ ಬಸ್ಸಿನಲ್ಲಿ ಕೂತು ಓದೋರಿಗೆ ಇದು ಅನುಕೂಲ. ಮಾತಿನಲ್ಲಿ ತೊದಲಿದ್ದನ್ನು ತೆಗೆದಿದ್ದೀನಿ, ಒಂದೆರಡು ಕಡೆ ಅವಸರದಲ್ಲಿ ಬಿಟ್ಟಿದ್ದನ್ನು ಸೇರಿಸಿದ್ದೀನಿ. ಮೊದಲೇ ಹೇಳಿಬಿಡ್ತೀನಿ, ನಾನು ಡಾಕ್ಟರ್ ಅಲ್ಲ, ಕೋಡ್ ಬರೆಯುವವನು. ಇದನ್ನು ಓದಿ ಯಾರೂ ಗುಳಿಗೆ ಬಿಡಬೇಡಿ, ಹೊಸದು ಶುರುವೂ ಮಾಡಬೇಡಿ.

ಹುಮನಾಬಾದಿನ ನಮ್ಮ ಕಾಕಾ ವಾರಕ್ಕೆ ಎರಡು ಸಲ ಡಯಾಲಿಸಿಸ್ ಮಾಡಿಸ್ಕೊಳ್ತಾರೆ. ಬೀದರ್ ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದ್ರೆ ಬೆಂಗಳೂರಲ್ಲ, ಹೈದರಾಬಾದು. ಬಸ್ಸು ಜಹೀರಾಬಾದ್, ಸದಾಶಿವಪೇಟೆ ದಾಟಿ ಬಂದರೆ ನಗರ ಶುರುವಾಗೋದೇ ನಮ್ಮ ಪಟಾನ್‌ಚೆರುವಿನಿಂದ. ಹಾಗಾಗಿ ಊರಿನ ಯಾವ ಕಾಯಿಲೆಗೂ ನಮ್ಮ ಎರಡು ಕೋಣೆಯ ಫ್ಲ್ಯಾಟೇ ಮೊದಲ ಸ್ಟಾಪು. ನಿಮ್ಮಲ್ಲೂ ಎಷ್ಟೋ ಜನರ ಮನೆ ಹೀಗೇ ಇರಬಹುದು.

ಎರಡು ವರ್ಷದ ಹಿಂದೆ ಕಾಕಾನ ಕೈಯ ಫಿಸ್ಟುಲಾ ಸರಿಯಾಗಿ ಕೆಲಸ ಮಾಡದೆ ಹೋದಾಗ ಇಲ್ಲಿಗೆ ಕರೆಸಿದೆ. ಫಿಸ್ಟುಲಾ ಅಂದ್ರೆ ಮುಂಗೈಯಲ್ಲಿ ಅಪಧಮನಿಗೆ ಅಭಿಧಮನಿಯನ್ನು ಜೋಡಿಸಿ ಹೊಲಿದ ದಾರಿ. ಡಯಾಲಿಸಿಸ್ ಸೂಜಿ ಚುಚ್ಚೋದು ಅಲ್ಲಿಗೇ. ಡಾಕ್ಟರ್ ಕೈಯ ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದರು. ಎಲುಬು ಬೆಳ್ಳಗೆ ಕಾಣೋದು ಸಹಜ. ಆದರೆ ಎಲುಬಿನ ಪಕ್ಕದಲ್ಲಿ, ಏನೂ ಕಾಣಬಾರದ ಜಾಗದಲ್ಲಿ, ಪೆನ್ಸಿಲಿನಿಂದ ಎಳೆದ ಹಾಗೆ ಎರಡು ಸಮಾನಾಂತರ ಬಿಳಿ ಗೆರೆ ಮಣಿಕಟ್ಟಿನ ತನಕ ಇಳಿದಿದ್ದವು. "ಇದು ರಕ್ತನಾಳ. ಗೋಡೆಯಲ್ಲಿ ಕ್ಯಾಲ್ಸಿಯಂ ಕೂತಿದೆ" ಅಂದರು.

ಕಾಕಾ ಸ್ವಲ್ಪ ಹೊತ್ತು ನೋಡಿ ಕೇಳಿದ್ದು ಇಷ್ಟು: "ನಲವತ್ತು ವರ್ಷ ಎಲಿ ಅಡಿಕಿ ಸುಣ್ಣ ತಿಂದೀನ್ರಿ. ಅದೇ ಹೋಗಿ ಕೂತಾದೇನು?"

ಡಾಕ್ಟರ್ ನಕ್ಕರು. ನನಗೆ ನಗು ಬರಲಿಲ್ಲ. ಯಾಕಂದ್ರೆ ಅದಕ್ಕೂ ಒಂದು ವರ್ಷದ ಹಿಂದಿನಿಂದ ಕಾಕಾನ ಮೊಣಕಾಲು ನೋವಿಗೆ ಅಂತ ಇಲ್ಲಿನ ಮೆಡಿಕಲ್ ಶಾಪಿನಿಂದ ಕ್ಯಾಲ್ಸಿಯಂ ಗುಳಿಗೆಯ ಡಬ್ಬಿ ತಗೊಂಡು ಬಸ್ಸಿಗೆ ಹಾಕ್ತಿದ್ದವನು ನಾನೇ. ಡಾಕ್ಟರ್ ಬರೆದುಕೊಟ್ಟದ್ದರ ಮೇಲೆ ಇನ್ನೊಂದಿಷ್ಟು. ಯಾರನ್ನೂ ಕೇಳಿರಲಿಲ್ಲ.

ಈ ಕಥೆಯನ್ನು ಕೆದಕಿದ್ದು ಅಲ್ಲಿಂದ. ಕೆದಕಿದರೆ ಸಿಕ್ಕದ್ದು ನೂರೆಪ್ಪತ್ತು ವರ್ಷದ ಇತಿಹಾಸ. ಅದರಲ್ಲಿ ನನ್ನಂಥ ತಪ್ಪನ್ನು ಇಡೀ ವೈದ್ಯಲೋಕವೇ ಒಳ್ಳೇ ಉದ್ದೇಶದಿಂದ ಮಾಡಿದ ಒಂದು ಅಧ್ಯಾಯವೂ ಇದೆ.

1855ರಲ್ಲಿ ಜರ್ಮನಿಯ ರುಡಾಲ್ಫ್ ವಿರ್ಕೊ ಒಂದು ವಿಚಿತ್ರ ಸಂಗತಿಯನ್ನು ದಾಖಲಿಸಿದ. ಸತ್ತವರ ದೇಹ ಕೊಯ್ದು ನೋಡಿದಾಗ ಕೆಲವರ ಎಲುಬಿನಿಂದ ಸುಣ್ಣದ ಅಂಶ ಕರಗಿಹೋಗಿತ್ತು. ಅದೇ ಅಂಶ ಶ್ವಾಸಕೋಶದಲ್ಲಿ, ಜಠರದ ಗೋಡೆಯಲ್ಲಿ ಹೋಗಿ ಕೂತಿತ್ತು. ಕ್ಯಾನ್ಸರ್ ಒಂದು ಕಡೆಯಿಂದ ಇನ್ನೊಂದು ಕಡೆಗೆ ಹರಡುವುದಕ್ಕೆ ಬಳಸುವ ಪದವನ್ನೇ ತಗೊಂಡು ಅದಕ್ಕೆ 'ಸುಣ್ಣದ ಮೆಟಾಸ್ಟಾಸಿಸ್' ಅಂತ ಹೆಸರಿಟ್ಟ. 1903ರಲ್ಲಿ ಅದೇ ದೇಶದ ಯೋಹಾನ್ ಮೋಂಕೆಬರ್ಗ್ ಅಪಧಮನಿಯ ಗೋಡೆಯಲ್ಲಿ ಈ ಸುಣ್ಣ ಎಲ್ಲಿ ಕೂರುತ್ತದೆ ಅಂತ ಪದರ ಬಿಡಿಸಿ ತೋರಿಸಿದ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಅಪಧಮನಿಗೆ ಮೂರು ಪದರ. ಹಾರ್ಟ್ ಅಟ್ಯಾಕ್ ಅಂದಾಗ ನಾವು ಕೇಳುವ ಕೊಬ್ಬಿನ ಬ್ಲಾಕೇಜು ಒಳಪದರದ್ದು. ಮೋಂಕೆಬರ್ಗ್ ಹೇಳಿದ್ದು ನಡುಪದರದ್ದು. ಅಲ್ಲಿರೋದು ಸ್ನಾಯು ಮತ್ತು ರಬ್ಬರಿನಂತೆ ಹಿಗ್ಗುವ ನಾರು. ಹೃದಯ ಒಮ್ಮೆ ಹಿಂಡಿದಾಗ ನಾಳ ಹಿಗ್ಗಿ, ಆಮೇಲೆ ಕುಗ್ಗಿ ರಕ್ತವನ್ನು ಮುಂದೆ ತಳ್ಳುತ್ತೆ. ಆ ಪದರ ಗಡುಸಾದರೆ ನಾಳ ಮುಚ್ಚಿಹೋಗಲ್ಲ, ಪೈಪಿನಂತೆ ಆಗುತ್ತೆ. ಆಗ ಬಿಪಿಯ ಮೇಲಿನ ಅಂಕಿ ಏರುತ್ತೆ, ಕೆಳಗಿನದು ಇಳಿಯುತ್ತೆ, ಹೃದಯದ ಎಡಕೋಣೆ ಹೆಚ್ಚು ಬಲ ಹಾಕಿ ಹಾಕಿ ದಪ್ಪವಾಗುತ್ತೆ. ಕಿಡ್ನಿ ಕಾಯಿಲೆಯವರಲ್ಲಿ ಎರಡೂ ಪದರಗಳಲ್ಲಿ ಸುಣ್ಣ ಕೂರಬಹುದು. ಕಾಕಾನ ಎಕ್ಸ್‌ರೇಯಲ್ಲಿ ರೈಲು ಹಳಿಯಂತೆ ಕಂಡದ್ದು ನಡುಪದರದ್ದು.

ಹಾಗೇ ಇನ್ನೊಂದು ಮಾತು. ಕೂರೋದು ಎಲೆಗೆ ಹಚ್ಚುವ ಸುಣ್ಣ ಅಲ್ಲ. ಅದು ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಸೇರಿದ ಖನಿಜ, ನಮ್ಮ ಎಲುಬಿನಲ್ಲಿರುವುದೇ. ಅಂದ್ರೆ ಕಥೆಯಲ್ಲಿ ಇಬ್ಬರು ಪಾತ್ರಧಾರಿಗಳು. ನಾವೆಲ್ಲ ನೋಡಿದ್ದು ಒಬ್ಬನನ್ನೇ.

ಎರಡನೆಯವನನ್ನು ಅಳೆಯೋದು ಹೇಗೆ ಅಂತ ತೋರಿಸಿದವರು ಒಬ್ಬ ತೆಲುಗರು. ವಿಡಿಯೋದಲ್ಲಿ ಈ ಭಾಗಕ್ಕೆ ಬಂದಾಗ ನನ್ನ ದನಿ ಏರಿತ್ತು ಅಂತ ಹೆಂಡತಿ ಹೇಳಿದಳು, ಇರಬಹುದು. ಯಲ್ಲಾಪ್ರಗಡ ಸುಬ್ಬರಾವ್ ಹುಟ್ಟಿದ್ದು 1895ರಲ್ಲಿ, ಭೀಮವರಂನಲ್ಲಿ. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಓದುವಾಗ ಗಾಂಧೀಜಿಯ ಕರೆಗೆ ಓಗೊಟ್ಟು ಖಾದಿಯ ಗೌನು ತೊಟ್ಟು ಆಪರೇಷನ್ ಕೋಣೆಗೆ ಹೋಗ್ತಿದ್ದರು. ಬ್ರಿಟಿಷ್ ಪ್ರೊಫೆಸರ್‌ಗೆ ಅದು ಸರಿಬರಲಿಲ್ಲ. ಎಂಬಿಬಿಎಸ್ ಬದಲು ಕೆಳದರ್ಜೆಯ ಎಲ್‌ಎಂಎಸ್ ಪದವಿ ಕೈಗೆ ಬಂತು. 1923ರಲ್ಲಿ ಬಾಸ್ಟನ್‌ಗೆ ಹೋದರು. ಹೊಟ್ಟೆಪಾಡಿಗೆ ಪೀಟರ್ ಬೆಂಟ್ ಬ್ರಿಗಮ್ ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ಕೂಲಿಕೆಲಸ, ಹಗಲು ಹಾರ್ವರ್ಡ್. ಆನ್‌ಸೈಟ್ ಸಿಗದಿದ್ದಕ್ಕೆ ಮುಖ ಸಣ್ಣ ಮಾಡಿಕೊಳ್ಳುವ ನಾವು ಇದನ್ನೊಮ್ಮೆ ಓದಬೇಕು.

1925ರಲ್ಲಿ ಸೈರಸ್ ಫಿಸ್ಕ್ ಜೊತೆ ಸೇರಿ ಅವರು ಪ್ರಕಟಿಸಿದ್ದು ರಕ್ತದಲ್ಲಿ, ಮೂತ್ರದಲ್ಲಿ ಇರುವ ಫಾಸ್ಫರಸ್ ಅಳೆಯುವ ವಿಧಾನ. ಮಾದರಿಗೆ ಮಾಲಿಬ್ಡೇಟ್ ಬೆರೆಸಿದರೆ ಫಾಸ್ಫೇಟಿನ ಜೊತೆ ಕೂಡಿಕೊಳ್ಳುತ್ತೆ. ಇನ್ನೊಂದು ರಾಸಾಯನಿಕ ಹಾಕಿದರೆ ನೀಲಿ ಬಣ್ಣ ಬರುತ್ತೆ. ನೀಲಿ ಗಾಢವಾದಷ್ಟೂ ಫಾಸ್ಫರಸ್ ಜಾಸ್ತಿ. ಇಷ್ಟು ಸರಳ. ದಶಕಗಳ ಕಾಲ ಪ್ರಪಂಚದ ಪ್ರಯೋಗಾಲಯಗಳು ಇದನ್ನೇ ಬಳಸಿದವು. ಈಗಿನ ಯಂತ್ರಗಳು ಸಾಮಾನ್ಯವಾಗಿ ನೀಲಿ ಬಣ್ಣಕ್ಕೆ ಕಾಯದೆ ಅತಿನೇರಳೆ ಬೆಳಕಿನಲ್ಲೇ ಓದಿಬಿಡುತ್ತವೆ, ಆದರೂ ಕೆಳಗಿನ ಮಾಲಿಬ್ಡೇಟ್ ಅದೇ. ನಿಮ್ಮ ಮನೆಯವರ ಬ್ಲಡ್ ರಿಪೋರ್ಟಿನಲ್ಲಿ 'ಫಾಸ್ಫರಸ್' ಅಂತ ಒಂದು ಸಾಲು ಇದ್ದರೆ ಅದರ ಹಿಂದೆ ಭೀಮವರಂನ ಈ ಮನುಷ್ಯ ಇದ್ದಾನೆ. ಸಾಧಾರಣವಾಗಿ ಅದು ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇರಬೇಕು.

ಸುಬ್ಬರಾವ್ 1948ರಲ್ಲಿ ನ್ಯೂಯಾರ್ಕಿನಲ್ಲಿ ತೀರಿಕೊಂಡರು. ಆಗ 53 ವಯಸ್ಸು. ಅದೇ ವರ್ಷ, ಅವರು ಒಂದು ಕಾಲಕ್ಕೆ ರಾತ್ರಿಪಾಳಿ ಮಾಡಿದ್ದ ಬ್ರಿಗಮ್ ಆಸ್ಪತ್ರೆಯಲ್ಲಿ ಸುಧಾರಿತ ಡಯಾಲಿಸಿಸ್ ಯಂತ್ರವೊಂದು ಕೆಲಸ ಶುರುಮಾಡಿತು. 1954ರಲ್ಲಿ ಪ್ರಪಂಚದ ಮೊದಲ ಯಶಸ್ವಿ ಕಿಡ್ನಿ ಕಸಿ ನಡೆದದ್ದೂ ಅಲ್ಲೇ.

ಡಯಾಲಿಸಿಸ್ ಕಥೆ ನಿಮಗೆ ಗೊತ್ತಿರಬಹುದು, ಬೇಗ ಹೇಳ್ತೀನಿ. ಎರಡನೇ ಮಹಾಯುದ್ಧದ ನಡುವೆ ನೆದರ್ಲೆಂಡ್ಸಿನ ಕಾಂಪೆನ್ ಊರಲ್ಲಿ ವಿಲೆಮ್ ಕೋಲ್ಫ್ ಸಾಸೇಜ್ ಸುತ್ತುವ ಸೆಲ್ಲೊಫೇನ್ ಕೊಳವೆಯಿಂದ ಯಂತ್ರ ಮಾಡಿದ. 1945ರಲ್ಲಿ 67 ವರ್ಷದ ಒಬ್ಬ ಹೆಂಗಸು ಬದುಕಿದಳು. ಆದರೆ ಪ್ರತಿ ಸಲವೂ ಹೊಸ ರಕ್ತನಾಳ ಕೊಯ್ಯಬೇಕಿತ್ತು, ಆದ್ದರಿಂದ ಕೆಲವು ದಿನ ಮಾತ್ರ ಸಾಧ್ಯ. 1960ರಲ್ಲಿ ಸಿಯಾಟಲ್‌ನ ಬೆಲ್ಡಿಂಗ್ ಸ್ಕ್ರಿಬ್ನರ್ ಕೈಯಲ್ಲಿ ಶಾಶ್ವತವಾಗಿ ಇರುವ ಟೆಫ್ಲಾನ್ ಕೊಳವೆ ಇಟ್ಟ. ಮೊದಲ ರೋಗಿ ಕ್ಲೈಡ್ ಶೀಲ್ಡ್ಸ್ 11 ವರ್ಷ ಬದುಕಿದ. ನಮ್ಮ ದೇಶದಲ್ಲಿ 1962ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಡಯಾಲಿಸಿಸ್ ಶುರುವಾಯ್ತು, 1971ರಲ್ಲಿ ಅಲ್ಲೇ ಮೊದಲ ಯಶಸ್ವಿ ಕಿಡ್ನಿ ಕಸಿ. ಆದರೂ ಆ ಪದ ನಮ್ಮ ಹಿರಿಯರ ಕಿವಿಗೆ ಬಿದ್ದದ್ದು ಬಹುಶಃ ಜಯಪ್ರಕಾಶ ನಾರಾಯಣರಿಂದ. ತುರ್ತು ಪರಿಸ್ಥಿತಿಯಲ್ಲಿ ಬಂಧನದಲ್ಲಿದ್ದು 1975ರ ನವೆಂಬರ್‌ನಲ್ಲಿ ಬಿಡುಗಡೆಯಾದಾಗ ಅವರ ಕಿಡ್ನಿ ಕೆಟ್ಟಿತ್ತು. ಮುಂಬೈನ ಜಸ್ಲೋಕ್ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಶುರುವಾಗಿ 1979ರ ಅಕ್ಟೋಬರ್ 8ರಂದು ಕಣ್ಣುಮುಚ್ಚುವ ತನಕ ಯಂತ್ರದ ಆಸರೆಯಲ್ಲೇ ಇದ್ದರು. ನಮ್ಮ ತಾತನಿಗೆ ಕಿಡ್ನಿ ಕಾಯಿಲೆ ಅಂದ್ರೆ 'ಜೆಪಿಗೆ ಆದದ್ದು'.

ಈಗ ಮುಖ್ಯ ವಿಷಯ. ಶೀಲ್ಡ್ಸ್ 1971ರಲ್ಲಿ ಸತ್ತದ್ದು ಕಿಡ್ನಿಯಿಂದಲ್ಲ, ಹೃದಯಾಘಾತದಿಂದ. 1974ರಲ್ಲಿ ಸಿಯಾಟಲ್ ತಂಡವೇ ತಮ್ಮ ಹಳೆಯ ರೋಗಿಗಳ ಲೆಕ್ಕ ತೆಗೆದು, ದೀರ್ಘಕಾಲ ಡಯಾಲಿಸಿಸ್ ಮಾಡಿಸಿಕೊಂಡವರ ರಕ್ತನಾಳಗಳು ವಯಸ್ಸಿಗೆ ಮೀರಿ ಮುದಿಯಾಗುತ್ತಿವೆ ಅಂತ ಬರೆಯಿತು. ಯಂತ್ರ ಜನರನ್ನು ಉಳಿಸಿತ್ತು. ಉಳಿದವರಿಗೆ ಏನಾಗುತ್ತೆ ಅಂತ ಆಗ ತಾನೇ ಕಾಣತೊಡಗಿತ್ತು.

ಯಾಕೆ ಹೀಗೆ? ಇದಕ್ಕೆ ನಮ್ಮಂಥವರಿಗೆ ಅರ್ಥವಾಗುವ ಉತ್ತರ ಕೊಟ್ಟವನು ನೀಲ್ ಬ್ರಿಕರ್, 1972ರಲ್ಲಿ. ಅವನ ಸಿದ್ಧಾಂತದ ಹೆಸರೇ 'ಟ್ರೇಡ್ ಆಫ್'. ಕಿಡ್ನಿ ನಿಧಾನಕ್ಕೆ ಸೋಲ್ತಾ ಇರುವಾಗ ಫಾಸ್ಫೇಟ್ ಹೊರಹಾಕುವ ಶಕ್ತಿ ಕುಂದುತ್ತೆ. ದೇಹ ಸುಮ್ಮನಿರಲ್ಲ. ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿ ಹಾರ್ಮೋನು ಜಾಸ್ತಿ ಮಾಡಿ, ಉಳಿದಿರುವ ಕಿಡ್ನಿಯ ಭಾಗಕ್ಕೆ 'ಇನ್ನೂ ಹೊರಹಾಕು' ಅನ್ನುತ್ತೆ. ಎಲುಬಿನಿಂದಲೇ ಬರುವ ಎಫ್‌ಜಿಎಫ್23 ಅನ್ನುವ ಇನ್ನೊಂದು ಹಾರ್ಮೋನೂ ಅದನ್ನೇ ಮಾಡುತ್ತೆ, ಅದು ಪತ್ತೆಯಾದದ್ದು 2000ದ ಹೊತ್ತಿಗೆ. ಹೀಗಾಗಿ ರಿಪೋರ್ಟಿನಲ್ಲಿ ಫಾಸ್ಫರಸ್ ಬಹಳ ಕಾಲ ನಾರ್ಮಲ್ ಕಾಣುತ್ತೆ. ಡ್ಯಾಶ್‌ಬೋರ್ಡ್ ಹಸಿರು, ಹಿಂದೆ ಸರ್ವರ್ ಉರಿಯುತ್ತಿದೆ. ಅದರ ಬೆಲೆ ಕಟ್ಟೋದು ಎಲುಬು, ಆಮೇಲೆ ರಕ್ತನಾಳ. ವಿರ್ಕೊ ಕಂಡ ಸುಣ್ಣದ ವಲಸೆ ಇದೇ.

ಡಯಾಲಿಸಿಸ್ ಶುರುವಾದ ಮೇಲಾದರೂ ಸರಿಹೋಗುತ್ತಾ? ಲೆಕ್ಕ ಹಾಕಿ. ಊಟದಲ್ಲಿ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಫಾಸ್ಫರಸ್, ಅದರಲ್ಲಿ ಶೇ. 60ರಷ್ಟು ರಕ್ತಕ್ಕೆ ಸೇರುತ್ತೆ ಅಂದ್ಕೊಳ್ಳಿ. ವಾರಕ್ಕೆ 4200. ನಾಲ್ಕು ಗಂಟೆಯ ಒಂದು ಡಯಾಲಿಸಿಸ್ ತೆಗೆಯೋದು ಹೆಚ್ಚುಕಮ್ಮಿ 800ರಿಂದ 1000. ವಾರಕ್ಕೆ ಮೂರು ಸಲ ಮಾಡಿಸಿದರೂ ಒಂದೂವರೆ ಸಾವಿರ ಉಳೀತು. ನಮ್ಮ ದೇಶದಲ್ಲಿ ಬಹಳಷ್ಟು ಜನ, ನಮ್ಮ ಕಾಕಾನ ಹಾಗೆ, ಮಾಡಿಸೋದು ಎರಡೇ ಸಲ. ಆಗ ಉಳಿಕೆ ಎರಡು ಸಾವಿರದ ಮೇಲೆ. ಪ್ರತಿ ವಾರ. ಈ ಗುಣಾಕಾರ ಮಾಡಿದ ದಿನ ನಾನು ಲ್ಯಾಪ್‌ಟಾಪ್ ಮುಚ್ಚಿ ಟೆರೇಸಿಗೆ ಹೋದೆ.

ಆದ್ದರಿಂದ ಊಟದ ಜೊತೆಗೇ ನುಂಗುವ ಗುಳಿಗೆ ಬೇಕು, ಹೊಟ್ಟೆಯಲ್ಲೇ ಫಾಸ್ಫೇಟನ್ನು ಹಿಡಿದು ಮಲದಲ್ಲಿ ಹೊರಹಾಕೋದಕ್ಕೆ. ಮೊದಲು ಬಂದದ್ದು ಅಲ್ಯೂಮಿನಿಯಂ ಹೈಡ್ರಾಕ್ಸೈಡ್. ಚೆನ್ನಾಗಿ ಕೆಲಸ ಮಾಡ್ತಿತ್ತು. ಆಮೇಲೆ ಡಯಾಲಿಸಿಸ್ ರೋಗಿಗಳಿಗೆ ಮಾತು ತೊದಲೋದು, ಮರೆವು, ಫಿಟ್ಸ್, ಸಾವು. 1976ರಲ್ಲಿ ಡೆನ್ವರ್‌ನ ಆಲ್‌ಫ್ರೆ ತಂಡ ಅಂಥವರ ಮಿದುಳಿನಲ್ಲಿ ಅಲ್ಯೂಮಿನಿಯಂ ತುಂಬಿರುವುದನ್ನು ತೋರಿಸಿತು. ಯಂತ್ರಕ್ಕೆ ಬಿಡುವ ನೀರಿನಲ್ಲೂ ಅದು ಇತ್ತು, ಗುಳಿಗೆಯಲ್ಲೂ ಇತ್ತು. ಇದು ಮೊದಲನೇ ತಪ್ಪು ಗುಳಿಗೆ.

ಎರಡನೆಯದು ಕ್ಯಾಲ್ಸಿಯಂ ಕಾರ್ಬೋನೇಟ್. ಎಂಬತ್ತರ ದಶಕದಲ್ಲಿ ಸೇಂಟ್ ಲೂಯಿಸ್‌ನ ಸ್ಲಾಟೊಪೊಲ್ಸ್ಕಿ ಮತ್ತಿತರರು ಅಲ್ಯೂಮಿನಿಯಂ ಬದಲು ಇದು ಸಾಕು ಅಂತ ತೋರಿಸಿದಾಗ ಎಲ್ಲರಿಗೂ ಉಸಿರು ಬಂದಂತಾಯ್ತು. ಅಗ್ಗ, ವಿಷ ಅಲ್ಲ, ಎಲುಬಿಗೂ ಒಳ್ಳೇದು ಅಂತ ಕಂಡಿತು. ಆಗಿನ ತರ್ಕದಲ್ಲಿ ಏನೂ ಕೊರತೆ ಇರಲಿಲ್ಲ. ನಾನು ಅವರ ಜಾಗದಲ್ಲಿದ್ದರೂ ಅದನ್ನೇ ಬರೆದುಕೊಡ್ತಿದ್ದೆ. ಅವರ ಜಾಗದಲ್ಲಿ ಇಲ್ಲದೆಯೂ ತಂದುಕೊಟ್ಟೆ.

2000ದಲ್ಲಿ ಲಾಸ್ ಏಂಜಲೀಸ್‌ನ ಗುಡ್‌ಮನ್ ಮತ್ತು ಜೊತೆಯವರು ಒಂದು ಅಧ್ಯಯನ ಪ್ರಕಟಿಸಿದರು. ಡಯಾಲಿಸಿಸ್ ಮೇಲಿದ್ದ 39 ಜನ, ಎಲ್ಲರೂ ಮಕ್ಕಳು ಮತ್ತು ಯುವಕರು, 7ರಿಂದ 30 ವಯಸ್ಸಿನವರು. ಹೃದಯದ ನಾಳಗಳನ್ನು ವೇಗದ ಸಿಟಿ ಸ್ಕ್ಯಾನಿನಲ್ಲಿ ನೋಡಿದರು. 20ರಿಂದ 30 ವಯಸ್ಸಿನ 16 ಮಂದಿಯಲ್ಲಿ 14 ಮಂದಿಗೆ ಆಗಲೇ ನಾಳದಲ್ಲಿ ಕ್ಯಾಲ್ಸಿಯಂ ಕೂತಿತ್ತು. ಅದೇ ವಯಸ್ಸಿನ 60 ಆರೋಗ್ಯವಂತರಲ್ಲಿ ಮೂವರಿಗೆ ಮಾತ್ರ. ನಾಳದಲ್ಲಿ ಸುಣ್ಣ ಕಂಡವರು ಫಾಸ್ಫೇಟ್ ಹಿಡಿಯೋದಕ್ಕೆ ಅಂತ ನುಂಗಿದ್ದ ಕ್ಯಾಲ್ಸಿಯಂ, ಕಾಣದವರು ನುಂಗಿದ್ದರ ಸುಮಾರು ಎರಡರಷ್ಟು. ಹದಿನೈದು ವರ್ಷ ಪ್ರಪಂಚವೆಲ್ಲ ಕೊಟ್ಟ ಗುಳಿಗೆ ಇದು. ಕ್ಯಾಲ್ಸಿಯಂ ಒಂದೇ ಕಾರಣ ಅಂತ ಆ ಅಧ್ಯಯನ ಸಾಬೀತು ಮಾಡಲಿಲ್ಲ, ಅದನ್ನು ಸ್ಪಷ್ಟವಾಗಿ ಹೇಳಬೇಕು. ವಯಸ್ಸು, ಡಯಾಲಿಸಿಸ್‌ನ ಅವಧಿ, ಫಾಸ್ಫರಸ್ ಎಲ್ಲ ಒಟ್ಟಿಗೇ ಹೆಣೆದುಕೊಂಡಿವೆ.

ಅದೇ ಸುಮಾರಿಗೆ ಇನ್ನೊಂದು ನಂಬಿಕೆಯೂ ಬಿತ್ತು. ನೀರು ಕಾಯಿಸುವ ಪಾತ್ರೆಗೆ ಬಿಳಿ ಪೊರೆ ಕಟ್ಟಿದ ಹಾಗೆ ನಾಳಕ್ಕೆ ಸುಣ್ಣ ತಾನೇ ತಾನಾಗಿ ಕಟ್ಟುತ್ತೆ ಅಂತ ಅದುವರೆಗೆ ಅಂದುಕೊಂಡಿದ್ದರು. (ಹೈದರಾಬಾದಿನ ಬೋರ್‌ವೆಲ್ ನೀರಿನ ಗೀಸರ್ ಬಿಚ್ಚಿ ನೋಡಿದವರಿಗೆ ಈ ಹೋಲಿಕೆ ಬಿಡಿಸಿ ಹೇಳಬೇಕಿಲ್ಲ.) 1997ರಲ್ಲಿ ಕಾರ್ಸೆಂಟಿ ತಂಡ ಇಲಿಗಳಲ್ಲಿ ಎಂಜಿಪಿ ಅನ್ನುವ ಒಂದೇ ಒಂದು ಪ್ರೋಟೀನಿನ ಜೀನನ್ನು ತೆಗೆದುಹಾಕಿತು. ಹುಟ್ಟಿದಾಗ ಚೆನ್ನಾಗೇ ಇದ್ದ ಮರಿಗಳು ಎರಡು ತಿಂಗಳೊಳಗೆ ಸತ್ತವು. ಮಹಾಪಧಮನಿ ಎಲುಬಿನಂತೆ ಗಡುಸಾಗಿ ಒಡೆದುಹೋಗಿತ್ತು. ಅಂದ್ರೆ ನಮ್ಮೆಲ್ಲರ ನಾಳಗಳಲ್ಲೂ ಒಬ್ಬ ಕಾವಲುಗಾರ ಸದಾ ಸುಣ್ಣವನ್ನು ತಡೀತಾ ಕೂತಿದ್ದಾನೆ. ಅವನು ಕೆಲಸ ಮಾಡೋಕೆ ವಿಟಮಿನ್ ಕೆ ಬೇಕು. ರಕ್ತ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಅದಕ್ಕೇ ಅಡ್ಡ ಬರುತ್ತೆ.

2000ದಲ್ಲಿ ಸಿಯಾಟಲ್‌ನಲ್ಲೇ, ಹೌದು ಸ್ಕ್ರಿಬ್ನರ್‌ನ ಊರಲ್ಲೇ, ಜಿಯಾಕೆಲ್ಲಿ ಅವರ ಪ್ರಯೋಗಾಲಯ ಮನುಷ್ಯರ ನಾಳದ ಸ್ನಾಯುಕೋಶಗಳನ್ನು ಬಟ್ಟಲಿನಲ್ಲಿ ಬೆಳೆಸಿತು. ಫಾಸ್ಫೇಟ್ ಸಾಧಾರಣ ಮಟ್ಟದಲ್ಲಿದ್ದಾಗ ಕೋಶಗಳು ಸುಮ್ಮನಿದ್ದವು. ಕಿಡ್ನಿ ರೋಗಿಗಳ ರಕ್ತದಲ್ಲಿರುವ ಮಟ್ಟಕ್ಕೆ ಏರಿಸಿದಾಗ ಎಲುಬು ಕಟ್ಟುವ ಕೋಶಗಳ ಜೀನುಗಳನ್ನು ಹೊತ್ತಿಸಿಕೊಂಡು ತಮ್ಮ ಸುತ್ತ ಖನಿಜ ಕಟ್ಟತೊಡಗಿದವು. ಸ್ನಾಯು ತನ್ನ ಕಸುಬು ಬಿಟ್ಟು ಎಲುಬಿನ ಕಸುಬು ಹಿಡಿದಿತ್ತು. ಪೊರೆ ಕಟ್ಟೋದಲ್ಲ ಇದು, ಕಟ್ಟಡ ಕಟ್ಟೋದು.

ಮೂರನೇ ಪೀಳಿಗೆಯ ಗುಳಿಗೆ ಸೆವೆಲಮರ್. ಅದರಲ್ಲಿ ಅಲ್ಯೂಮಿನಿಯಂ ಇಲ್ಲ, ಕ್ಯಾಲ್ಸಿಯಂ ಇಲ್ಲ, ಬರೀ ಫಾಸ್ಫೇಟ್ ಹಿಡಿಯುವ ಪಾಲಿಮರ್. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. 2002ರ ಒಂದು ಪ್ರಯೋಗದಲ್ಲಿ ಕ್ಯಾಲ್ಸಿಯಂ ಗುಳಿಗೆ ತಗೊಂಡವರಿಗಿಂತ ಇದನ್ನು ತಗೊಂಡವರ ನಾಳದಲ್ಲಿ ಸುಣ್ಣ ನಿಧಾನವಾಗಿ ಬೆಳೆಯಿತು. ಆದರೆ ಎರಡು ಸಾವಿರ ಜನರ ಮೇಲೆ ನಡೆದು 2007ರಲ್ಲಿ ಬಂದ ದೊಡ್ಡ ಪ್ರಯೋಗದಲ್ಲಿ ಒಟ್ಟಾರೆ ಸಾವಿನ ಪ್ರಮಾಣದಲ್ಲಿ ಖಚಿತ ವ್ಯತ್ಯಾಸ ಕಾಣಲಿಲ್ಲ. ವಾದ ಇನ್ನೂ ಮುಗಿದಿಲ್ಲ. 2017ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳೋದು ಇಷ್ಟೇ: ಕ್ಯಾಲ್ಸಿಯಂ ಇರುವ ಗುಳಿಗೆಯ ಪ್ರಮಾಣ ಮಿತವಾಗಿರಲಿ. ನಿಷೇಧ ಅಲ್ಲ, ಮಿತಿ. ಯಾಕಂದ್ರೆ ಅಗ್ಗದ್ದು ಅದೇ. ನಮ್ಮ ಮನೆ ಲೆಕ್ಕದಲ್ಲೇ ಹೇಳೋದಾದ್ರೆ, 2016ರ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯ ನಂತರ ಬಡವರಿಗೆ ಜಿಲ್ಲಾ ಆಸ್ಪತ್ರೆಯಲ್ಲಿ ಯಂತ್ರ ಉಚಿತ. ಪ್ರತಿ ಊಟಕ್ಕೂ ನುಂಗುವ ಸೆವೆಲಮರ್‌ಗೆ ದುಡ್ಡು ಕಟ್ಟಿದವನು ನಾನು. ಬಲ್ಕ್ ಡ್ರಗ್ ಕಾರ್ಖಾನೆಗಳ ವಾಸನೆ ಉಸಿರಾಡಿಕೊಂಡೇ ಬದುಕುವ ಪಟಾನ್‌ಚೆರುವಿನವರಿಗೂ ಮೆಡಿಕಲ್ ಶಾಪಿನಲ್ಲಿ ಯಾವ ರಿಯಾಯಿತಿಯೂ ಇಲ್ಲ.

ಊಟದ ವಿಷಯದಲ್ಲಿ ಮಾತ್ರ ಒಂದು ಸಮಾಧಾನ ಸಿಕ್ಕಿತು. ನಮ್ಮ ಮನೆಯಿಂದ ಸ್ವಲ್ಪ ದೂರದಲ್ಲೇ ಇಕ್ರಿಸ್ಯಾಟ್ ಇದೆ. 1972ರಿಂದ ಜೋಳ, ಸಜ್ಜೆ, ತೊಗರಿ, ಕಡಲೆ, ಶೇಂಗಾ ಅಂತ ನಮ್ಮ ಬಿಸಿಲುನಾಡಿನ ಬೆಳೆಗಳ ಮೇಲೇ ಸಂಶೋಧನೆ ಮಾಡುವ ಜಾಗ. ಈ ಕಾಳುಗಳಲ್ಲಿ ಫಾಸ್ಫರಸ್ ಇರೋದು ಬಹುಪಾಲು ಫೈಟೇಟ್ ರೂಪದಲ್ಲಿ. ಅದನ್ನು ಒಡೆಯುವ ಕಿಣ್ವ ನಮ್ಮ ಹೊಟ್ಟೆಯಲ್ಲಿ ಸಾಕಷ್ಟಿಲ್ಲ, ಹಾಗಾಗಿ ಒಂದು ಪಾಲು ಹಾಗೇ ಹೊರಹೋಗುತ್ತೆ. 2011ರಲ್ಲಿ ಅಮೆರಿಕದ ಶರಾನ್ ಮೋ ಒಂದು ಸಣ್ಣ ಪ್ರಯೋಗ ಮಾಡಿದರು, ಬರೀ 9 ರೋಗಿಗಳು. ಫಾಸ್ಫರಸ್ ಪ್ರಮಾಣ ಸಮವಾಗಿದ್ದರೂ ಸಸ್ಯಾಹಾರದ ವಾರದಲ್ಲಿ ರಕ್ತದ ಮಟ್ಟ ಕಡಿಮೆ ಇತ್ತು. ಕೋಲಾ ಮತ್ತು ಪ್ಯಾಕೆಟ್ ತಿಂಡಿಗಳಿಗೆ ಬೆರೆಸುವ ಫಾಸ್ಫೇಟ್ ಮಾತ್ರ ಹೆಚ್ಚುಕಮ್ಮಿ ಪೂರ್ತಿ ರಕ್ತಕ್ಕೆ ಹೋಗುತ್ತೆ, ಲೇಬಲ್ಲಿನಲ್ಲಿ ಎಷ್ಟು ಅಂತ ಬರೆದಿರೋದೂ ಇಲ್ಲ. ಕಾಕಾನ ಜೋಳದ ರೊಟ್ಟಿ ಹಾಗಾಗಿ ಉಳೀತು. ಬೇಳೆ ಎಷ್ಟು, ಪೊಟ್ಯಾಶಿಯಂ ಎಷ್ಟು ಅನ್ನೋದನ್ನು ಡಯಟೀಷಿಯನ್ ಹತ್ತಿರ ಕೂತು ಬರೆಸಿಕೊಂಡು ಬಂದ್ವಿ. ನಾನು ಅವರಿಗೆ ಅಂತ ಫ್ರಿಜ್ಜಿನಲ್ಲಿಟ್ಟಿದ್ದ ಕೋಲಾ ಬಾಟಲಿ ಹೊರಗೆ ಹೋಯ್ತು.

ಕೂತ ಸುಣ್ಣವನ್ನು ಕರಗಿಸೋ ಔಷಧಿ ಇಲ್ಲ. ಬೆಳೆಯೋದನ್ನು ನಿಧಾನ ಮಾಡಬಹುದು, ಅಷ್ಟೇ. ಡಾಕ್ಟರ್ ಅದನ್ನು ಮುಚ್ಚಿಡಲಿಲ್ಲ. ನಾನು ತಂದುಕೊಟ್ಟ ಡಬ್ಬಿಯ ವಿಷಯ ಹೇಳಿದೆ. "ಅದರಿಂದಲೇ ಆಯ್ತು ಅಂತ ಯಾರೂ ಹೇಳಕ್ಕಾಗಲ್ಲ. ಅದನ್ನು ನಿಲ್ಲಿಸಿ" ಅಂದರು. ಆ ಎರಡು ವಾಕ್ಯಗಳಲ್ಲಿ ಮೊದಲನೆಯದನ್ನು ಹಿಡ್ಕೊಂಡು ಸಮಾಧಾನಪಡಬೇಕೋ, ಎರಡನೆಯದನ್ನು ಹಿಡ್ಕೊಂಡು ಸಂಕಟಪಡಬೇಕೋ ಅಂತ ನನಗೆ ಈಗಲೂ ತೀರ್ಮಾನವಾಗಿಲ್ಲ. ಕಾಕಾನಿಗೂ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀ ಕಾಲ್ ನೋವಿಗಂತ ತಂದಿದ್ದಿ, ನಾ ತಿಂದೀನಿ. ಇಬ್ರೂ ಡಾಕ್ಟರಿಗೆ ಕೇಳ್ಬೇಕಾಗಿತ್ತು" ಅಂದರು.

ಫಿಸ್ಟುಲಾವನ್ನು ಮೊಣಕೈ ಹತ್ತಿರ ಹೊಸದಾಗಿ ಮಾಡಿದ್ದಾರೆ, ಸದ್ಯ ನಡೀತಿದೆ. ಸುಬ್ಬರಾವ್ ಕಥೆ ಕಾಕಾನಿಗೆ ಬಹಳ ಹಿಡಿಸಿತು. ಈಗ ಅವರ ಬಾಯಲ್ಲಿ ಫಾಸ್ಫರಸ್‌ಗೆ ಆ ಹೆಸರೇ ಇಲ್ಲ. ತಿಂಗಳ ರಿಪೋರ್ಟು ನನ್ನ ವಾಟ್ಸಾಪ್‌ಗೆ ಬಂದ ಹತ್ತು ನಿಮಿಷಕ್ಕೆ ಹುಮನಾಬಾದಿನಿಂದ ಫೋನು.

"ಏನಂತಾನಪಾ ನಿಮ್ಮ ಸುಬ್ಬರಾಯ?"

"5.8, ಕಾಕಾ."

"ಹೋದ ತಿಂಗಳು?"

"6.9 ಇತ್ತು."

"ಹಂಗಾದ್ರ ಇಳದಾನ" ಅಂದು ಫೋನಿಟ್ಟರು.